ಮೂರನೆಯ ಒತ್ತಾಯ

ಅಧ್ಯಕ್ಷ ಪದವಿ ಬೇಡ ಎನ್ನುವುದನ್ನು ನನ್ನ ಗಂಡ ಚಂದ್ರಶೇಖರ್ ವಾರವಿಡೀ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ಆ ಪದವಿ ಅವರಿಗೆ ಅಷ್ಟು ಬೇಕಾಗಿತ್ತು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು, ನಮ್ಮವರಿಗೆ ಕಾಣುವುದಿಲ್ಲ. ನಾವು ಯಾರ ಮನೆಗೆ ಹೋದರೂ ಕಾಫಿ ಬೇಡ ಎಂದೇ ಶುರು ಮಾಡುವವರು. "ಅಯ್ಯೋ, ಈಗ ತಾನೇ ಕುಡ್ಕೊಂಡು ಬಂದ್ವಿ." ಮನೆಯಾಕೆ ಇನ್ನೊಮ್ಮೆ ಕೇಳಬೇಕು. "ನಿಜವಾಗ್ಲೂ ಬೇಡ ಕಣ್ರೀ." ಆಕೆ ಮತ್ತೊಮ್ಮೆ ಕೇಳಬೇಕು. "ನೀವು ಇಷ್ಟು ಹೇಳ್ತೀರಾ ಅಂದ್ಮೇಲೆ, ಒಂದರ್ಧ ಲೋಟ." ಊಟಕ್ಕೆ ಕೂತಾಗಲೂ ಅಷ್ಟೆ. ಸಾಕು ಸಾಕು ಎಂದು ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಪಕ್ಕದಲ್ಲಿ ಒಂದು ಹೋಳಿಗೆ ಜಾರುವಷ್ಟು ಜಾಗ ಬಿಟ್ಟೇ ಇರುತ್ತೇವೆ. ಬಡಿಸುವವರಿಗೂ ಅದು ಗೊತ್ತು.

ನಾವು ಲಂಡನ್ನಿನ ವೆಂಬ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಫ್ಲಾಟಿನ ಇಂಗ್ಲಿಷ್ ಹೆಂಗಸು ನಮ್ಮನ್ನು ಒಳಗೆ ಕರೆದು ಟೀ ಬೇಕೇ ಎಂದು ಕೇಳಿದಳು. ಇವರು ನಕ್ಕು "ನೋ ನೋ, ಪ್ಲೀಸ್" ಎಂದರು. ಆಕೆ ಸರಿ ಎಂದು ಎದ್ದು ಹೋಗಿ, ತನಗೊಂದು ಕಪ್ ಮಾಡಿಕೊಂಡು ಬಂದು, ನಮ್ಮೆದುರೇ ಕೂತು ಕುಡಿದಳು. ಬಿಸ್ಕತ್ತು ಅದ್ದಿಕೊಂಡು ತಿಂದಳು ಕೂಡ. ಇವರ ಕಣ್ಣು ಆ ಬಿಸ್ಕತ್ತಿನ ಜೊತೆಗೇ ಮೇಲೆ ಕೆಳಗೆ ಹೋಗುತ್ತಿತ್ತು. ಮನೆಗೆ ಬಂದ ಮೇಲೆ ಗಟಗಟ ನೀರು ಕುಡಿದು, "ಈ ಜನಕ್ಕೆ ಸಂಸ್ಕಾರ ಅನ್ನೋದೇ ಇಲ್ಲ" ಎಂದು ತೀರ್ಪು ಕೊಟ್ಟರು. ಆಕೆ ನಮ್ಮನ್ನು ಬಾಯಾರಿಕೆಯೇ ಆಗದ ಜನ ಅಂದುಕೊಂಡಿರಬೇಕು.

ನಮ್ಮ ವಾಯುವ್ಯ ಲಂಡನ್ ಕನ್ನಡ ಬಳಗವೂ ಅಧ್ಯಕ್ಷರ ಆಯ್ಕೆಯಲ್ಲಿ ಇದೇ ಕಾಫಿಯ ಕ್ರಮವನ್ನು ಪಾಲಿಸಿಕೊಂಡು ಬಂದಿತ್ತು. ಬಳಗ ಕಟ್ಟಿದ ಗೋಪೀನಾಥರು ಪ್ರತಿ ಯುಗಾದಿಯ ಮಹಾಸಭೆಯಲ್ಲಿ ಎದ್ದು ನಿಂತು, ನನಗೆ ವಯಸ್ಸಾಯಿತು, ಬೇರೆಯವರು ಬರಲಿ ಎನ್ನುತ್ತಿದ್ದರು. ಸಭೆ ಛೆ ಛೆ ಎನ್ನುತ್ತಿತ್ತು. ಮಂಡಿ ನೋವು ಎನ್ನುತ್ತಿದ್ದರು. ಕೂತಲ್ಲಿಂದಲೇ ನಡೆಸಿ ಎಂದು ಸಭೆ ಬೇಡಿಕೊಳ್ಳುತ್ತಿತ್ತು. ಮೂರನೆಯ ಒತ್ತಾಯಕ್ಕೆ ಅವರು ಕಣ್ಣು ಮುಚ್ಚಿ, ಉಸಿರು ಬಿಟ್ಟು, "ನಿಮ್ಮೆಲ್ಲರ ಪ್ರೀತಿಗೆ ಕಟ್ಟುಬಿದ್ದಿದೀನಿ" ಎಂದು ಕೈಮುಗಿಯುತ್ತಿದ್ದರು. ಆಮೇಲೆ ಬಿಸಿಬೇಳೆ ಭಾತ್. ಹೀಗೆ ಎಷ್ಟೋ ವರ್ಷ ನಡೆಯಿತು. ಈಗ ಮಾತ್ರ ಅವರು ನಿಜವಾಗಿಯೇ ಬಿಟ್ಟು ಹೋಗುವವರಿದ್ದರು. ಲೀಡ್ಸಿನಲ್ಲಿರುವ ಮಗಳ ಮನೆಗೆ ಅವರ ಸಾಮಾನು ಆಗಲೇ ಹೋಗಿತ್ತು.

ಕುರ್ಚಿ ಖಾಲಿಯಾಗುತ್ತಿದೆ ಎಂದು ತಿಳಿದ ದಿನದಿಂದ ಇವರ ನಡಿಗೆ ಬದಲಾಯಿತು. ಇವರು ಅಕ್ಸ್‌ಬ್ರಿಡ್ಜಿನ ಒಂದು ಕಂಪನಿಯಲ್ಲಿ ಡೆಲಿವರಿ ಮ್ಯಾನೇಜರ್. ಅಲ್ಲಿ ಮೇಲಿನ ಹುದ್ದೆ ಮತ್ತೆ ಮತ್ತೆ ಇವರ ಮೂಗಿನ ತುದಿಗೆ ಬಂದು, ಪ್ರತಿ ಸಲವೂ ಇವರಿಗಿಂತ ಚಿಕ್ಕವರ ಪಾಲಾಯಿತು. ಬಡ್ತಿ ಸಿಗದವರನ್ನು ನಾಯಕತ್ವದ ತರಬೇತಿಗೆ ಕಳಿಸುವುದು ಅಲ್ಲಿಯ ಪದ್ಧತಿ. ಇವರು ಹೋಗಿ ಬಂದರು. ಬಂದವರು ನಾನು ಮಾತಾಡುವಾಗಲೆಲ್ಲ ತಲೆಯನ್ನು ಒಂದು ಕಡೆಗೆ ವಾಲಿಸಿ ಮೆಲ್ಲಗೆ ಆಡಿಸತೊಡಗಿದರು. ಕತ್ತು ಉಳುಕಿದೆಯೆಂದು ನಾನು ನೋವಿನ ಎಣ್ಣೆ ತಂದೆ. "ಇದು ಆಕ್ಟಿವ್ ಲಿಸನಿಂಗ್ ಕಣೇ" ಎಂದರು. ನಾನು ಆ ಹೊತ್ತಿನಲ್ಲಿ ಹೇಳಿದ್ದು ಬಾತ್‌ರೂಮಿನ ನಲ್ಲಿ ಸೋರುತ್ತಿದೆ ಎಂದು. ಅದು ಇವತ್ತಿಗೂ ಸೋರುತ್ತಿದೆ.

ಇವರನ್ನು ನಾನು ಆಡಿಕೊಳ್ಳುತ್ತೇನೆ, ಬೇರೆಯವರು ಆಡಿಕೊಂಡರೆ ಮಾತ್ರ ನನಗೆ ಮೈ ಉರಿಯುತ್ತದೆ. ವಾರವಿಡೀ ಮಗನ ವಯಸ್ಸಿನವನಿಗೆ "ಶೂರ್, ಶೂರ್" ಎಂದು ತಲೆಯಾಡಿಸಿ ಬರುವ ಮನುಷ್ಯನಿಗೆ ಭಾನುವಾರ ಒಂದು ಕುರ್ಚಿ ಬೇಕಿತ್ತು. ಅದು ಪ್ಲಾಸ್ಟಿಕ್ ಕುರ್ಚಿಯಾದರೂ ಪರವಾಗಿಲ್ಲ, ವೇದಿಕೆಯ ನಡುವೆ ಇರಬೇಕಿತ್ತು. ಅದು ನನಗೆ ಅರ್ಥವಾಗುತ್ತಿತ್ತು. ಆದ್ದರಿಂದಲೇ ನಾಟಕದಲ್ಲಿ ಪಾತ್ರ ವಹಿಸಲು ಒಪ್ಪಿಕೊಂಡೆ.

ನಾಟಕ ಹೀಗೆ. ಮೊದಲು ಡೊನಾಲ್ಡ್ ಎದ್ದು ಇವರ ಹೆಸರು ಸೂಚಿಸುತ್ತಾರೆ. ಡೊನಾಲ್ಡ್ ಉಡುಪಿ ಕಡೆಯವರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು, ಮನೆಯಲ್ಲಿ ಕೊಂಕಣಿ, ಬಳಗದಲ್ಲಿ ಕನ್ನಡ. ಇವರು ಎದೆಯ ಮೇಲೆ ಕೈಯಿಟ್ಟು ಬೇಡ ಎನ್ನಬೇಕು. ಆಮೇಲೆ ಗೋಪೀನಾಥರು ಒತ್ತಾಯಿಸಬೇಕು. ಇವರು ನಕ್ಕು, ಯುವಕರು ಬರಲಿ ಎನ್ನಬೇಕು. ಮೂರನೆಯ ಒತ್ತಾಯ ನನ್ನದು.

"ನೀನು ಎದ್ದು ನಿಂತ್ಕೊಂಡು, 'ರೀ, ಎಲ್ರೂ ಇಷ್ಟು ಪ್ರೀತಿಯಿಂದ ಕೇಳ್ತಿದಾರೆ, ಒಪ್ಕೊಳ್ಳಿ' ಅನ್ಬೇಕು, ಅಷ್ಟೆ" ಎಂದರು ವಾರ್ಡ್‌ರೋಬಿನ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ.

"ಡೊನಾಲ್ಡ್‌ಗೆ ಇದೆಲ್ಲ ಹೇಳಿದೀರಾ?"

"ಹೇಳಿದೆ. ಆ ಮನುಷ್ಯನಿಗೆ ಸೂಕ್ಷ್ಮ ಗೊತ್ತಾಗಲ್ಲ. 'ಎಂತ ಮಾರಾಯ್ರೆ, ಬೇಕಾದ್ರೆ ಬೇಕು ಅಂತ ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ' ಅಂತಾರೆ."

"ಸರಿಯಾಗೇ ಕೇಳಿದಾರೆ."

"ಕೇಳಿ ತಗೊಳ್ಳೋನು ನಾಯಕ ಆಗಲ್ಲ ಶೋಭಾ. ಸ್ಥಾನವೇ ಹುಡುಕ್ಕೊಂಡು ಬರ್ಬೇಕು." ಕೋಟಿನ ಒಳಜೇಬನ್ನು ಮುಟ್ಟಿ ನೋಡಿಕೊಂಡರು. ಅದರಲ್ಲಿ ಒಪ್ಪಿಗೆಯ ಭಾಷಣವಿತ್ತು.

ಈಗ ನನ್ನ ವಿಷಯ. ನಾನು ವೆಂಬ್ಲಿಯ ಒಂದು ಜಿಪಿ ಸರ್ಜರಿಯಲ್ಲಿ, ಅಂದರೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ಇವತ್ತು ಅಪಾಯಿಂಟ್‌ಮೆಂಟ್ ಇಲ್ಲ ಎಂದು ದಿನಕ್ಕೆ ನೂರು ಜನಕ್ಕೆ ಹೇಳಿ ಸಂಬಳ ತೆಗೆದುಕೊಳ್ಳುವವಳು. ಬಳಗಕ್ಕೆ ಹಾಲ್ ಬುಕ್ ಮಾಡುವುದು ನಾನು, ಹಾಲಿನ ಕೇರ್‌ಟೇಕರನ್ನು ಸಂಭಾಳಿಸುವುದು ನಾನು, ಒಗ್ಗರಣೆಯ ಹೊಗೆಗೆ ಫೈರ್ ಅಲಾರಂ ಹೊಡೆದುಕೊಂಡಾಗ ಓಡುವುದೂ ನಾನು. ಇದಕ್ಕಾಗಿ ನನ್ನನ್ನು ಎಲ್ಲರೂ ಬಳಗದ ಬೆನ್ನೆಲುಬು ಎಂದು ಕರೆಯುತ್ತಾರೆ. ವೇದಿಕೆಯ ಮೇಲೆ ಶಾಲು ಹೊದಿಸುವಾಗ ಅದು ಬೆನ್ನಿನ ಮೇಲೇ ಬೀಳುತ್ತದೆ, ಆದರೆ ಫೋಟೋವನ್ನು ಮುಂದಿನಿಂದ ತೆಗೆಯುತ್ತಾರೆ. ನನಗೆ ಸಿಟ್ಟಿತ್ತೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಮಹಾಸಭೆ ಎಂದಿನಂತೆ ಅಕ್ಸ್‌ಬ್ರಿಡ್ಜಿನ ಒಂದು ಚರ್ಚ್ ಹಾಲಿನಲ್ಲಿ. ಬಳಗ ಆ ವರ್ಷ ಚಾರಿಟಿಯಾಗಿ ನೋಂದಣಿಯಾಗಿದ್ದರಿಂದ ಚುನಾವಣೆ ನಿಯಮದ ಪ್ರಕಾರ ನಡೆಯಬೇಕಿತ್ತು. ಅದಕ್ಕೊಬ್ಬ ಚುನಾವಣಾಧಿಕಾರಿ ಬೇಕು, ಪಾರದರ್ಶಕತೆ ನಾಯಕತ್ವದ ಜೀವಾಳ ಎಂದು ಸಲಹೆ ಕೊಟ್ಟವರು ಇವರೇ. ಡೊನಾಲ್ಡ್ ಅವರ ಮಗಳು ಎಲೀಷಾ ಕೌನ್ಸಿಲ್‌ನ ಚುನಾವಣಾ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ಅವಳೇ ಇರಲಿ ಎಂದವರೂ ಇವರೇ. ಎಲೀಷಾ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಅರ್ಥವಾಗುತ್ತಿದ್ದದ್ದು ನಮ್ಮ ಮಾತು ಎನ್ನುವುದನ್ನು ಇವರು ಯೋಚಿಸಿದ್ದರು. ಮಾತಷ್ಟೇ, ಅದರ ಹಿಂದಿನ ರೂಢಿಯಲ್ಲ ಎನ್ನುವುದನ್ನು ಯೋಚಿಸಿರಲಿಲ್ಲ.

ಚುನಾವಣೆಗೆ ಮುಂಚೆ ಇವರ ಉಪನ್ಯಾಸವಿತ್ತು. ವಿಷಯ: ಒಳ್ಳೆಯ ನಾಯಕನ ಗುಣಗಳು. ಪರದೆಯ ಮೇಲೆ ಹದ್ದು ಹಾರಿತು, ಪರ್ವತ ಏರಿತು, ಯಾರೋ ಯಾರಿಗೋ ಕೈಕೊಟ್ಟು ಬಂಡೆ ಹತ್ತಿಸಿದರು. ನಾಯಕನಾದವನು ಹೆಚ್ಚು ಕೇಳಬೇಕು, ಕಡಿಮೆ ಮಾತಾಡಬೇಕು ಎಂಬುದರ ಬಗ್ಗೆ ಇವರು ಬಹಳ ಹೊತ್ತು ಮಾತಾಡಿದರು. ಮಧ್ಯದಲ್ಲಿ ಪ್ರಶ್ನೆ ಕೇಳಲು ಎದ್ದ ತಿರುಮಲೇಶ ಎಂಬವರಿಗೆ ಆಮೇಲೆ, ಆಮೇಲೆ ಎಂದು ಕೈಸನ್ನೆ ಮಾಡಿ ಕೂರಿಸಿದರು. ಕೊನೆಯ ಸ್ಲೈಡಿಗೆ ಬಂದಾಗ ಅಡುಗೆಮನೆಯಿಂದ ಬಿಸಿಬೇಳೆ ಭಾತಿನ ವಾಸನೆ ಬರಲು ಶುರುವಾಗಿ, ಜನ ಹದ್ದನ್ನು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದರು.

"ಕಡೆಯದಾಗಿ," ಎಂದರು ಇವರು ದನಿ ಎತ್ತರಿಸಿ, "ನಾಯಕನಾದವನು ಎಂದೂ ಪದವಿಗೆ ಆಸೆಪಡಬಾರದು. ಮತ್ತು ಒಮ್ಮೆ ಆಡಿದ ಮಾತನ್ನು ಪ್ರಾಣ ಹೋದರೂ ಹಿಂದಕ್ಕೆ ತಗೋಬಾರದು."

ಚಪ್ಪಾಳೆ ಬಿತ್ತು. ಉಪನ್ಯಾಸ ಮುಗಿದದ್ದಕ್ಕೆ ಬಿದ್ದ ಚಪ್ಪಾಳೆಯನ್ನು ಇವರು ಉಪನ್ಯಾಸಕ್ಕೇ ಬಿದ್ದದ್ದು ಅಂದುಕೊಂಡರು.

ಎಲೀಷಾ ಕಪ್ಪು ಕೋಟು ಹಾಕಿಕೊಂಡು ಮೈಕ್ ಹಿಡಿದಳು. ಅಧ್ಯಕ್ಷ ಸ್ಥಾನಕ್ಕೆ ಹೆಸರು ಸೂಚಿಸಿ ಎಂದಳು. ಡೊನಾಲ್ಡ್ ಎದ್ದರು.

"ನಾನು ಚಂದ್ರಶೇಖರ್ ಅವರ ಹೆಸರು ಹೇಳ್ತೇನೆ. ಒಳ್ಳೆ ಜನ. ಅವರಿಗೆ ಆಸಕ್ತಿ ಉಂಟು ಅಂತ ನನಗೆ ಗೊತ್ತುಂಟು."

ಆಸಕ್ತಿಯ ಮಾತು ನಾಟಕದಲ್ಲಿ ಇರಲಿಲ್ಲ. ಇವರ ಮುಖ ಕೆಂಪಾಯಿತು. ಅದನ್ನು ಸರಿಪಡಿಸಲು ಹೋಗಿ ಬೇಡ ಎನ್ನುವುದನ್ನು ಅಭ್ಯಾಸಕ್ಕಿಂತ ಜೋರಾಗಿ ಹೇಳಿದರು.

"ಇಲ್ಲ ಇಲ್ಲ, ಖಂಡಿತ ಬೇಡ! ನನಗೆ ಯಾವ ಆಸೆಯೂ ಇಲ್ಲ. ದಯವಿಟ್ಟು ನನ್ನನ್ನ ಬಿಟ್ಬಿಡಿ." ಎದೆಯ ಮೇಲೆ ಕೈಯಿತ್ತು, ಕಣ್ಣು ನೆಲ ನೋಡುತ್ತಿತ್ತು. ನಿಜ ಹೇಳಬೇಕೆಂದರೆ ಚೆನ್ನಾಗಿ ಮಾಡಿದರು.

ಎಲೀಷಾ ತಲೆಯಾಡಿಸಿ ಬರೆದುಕೊಂಡಳು. "ಥ್ಯಾಂಕ್ ಯೂ ಫಾರ್ ಬೀಯಿಂಗ್ ಸೋ ಕ್ಲಿಯರ್, ಅಂಕಲ್." ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದು ಇಂಗ್ಲಿಷಿನಲ್ಲೇ ನಗುತ್ತಾ ಅಂದಳು. "ಎನಿವನ್ ಎಲ್ಸ್?"

ಇವರು ಎದೆಯ ಮೇಲಿದ್ದ ಕೈಯನ್ನು ತೆಗೆಯಲು ಮರೆತರು.

ಗೋಪೀನಾಥರು ಮಂಡಿ ಹಿಡಿದುಕೊಂಡು ಎದ್ದರು. "ಚಂದ್ರು, ಹಾಗೆಲ್ಲ ಅನ್ಬಾರ್ದಪ್ಪ. ನೀವಲ್ದೆ ಇನ್ಯಾರು—"

"ಅಂಕಲ್, ಸಾರಿ." ಎಲೀಷಾ ವಿನಯದಿಂದಲೇ ಕೈಯೆತ್ತಿದಳು. ಅವರು ನೋ ಅಂದಿದ್ದಾರೆ, ನೋ ಅಂದವರನ್ನು ಒತ್ತಾಯಿಸುವುದು ಸರಿಯಲ್ಲ, ನಾವು ಅದನ್ನು ಗೌರವಿಸಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಇಲ್ಲೇ ಬೆಳೆದ ಹುಡುಗ ಹುಡುಗಿಯರು ಹಿಂದಿನ ಸಾಲಿನಿಂದ ಚಪ್ಪಾಳೆ ತಟ್ಟಿದರು. ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುವ ಒಬ್ಬ ಅಂಕಲ್ ಕೊನೆಗೂ ಸಿಕ್ಕಿದರು ಎನ್ನುವ ಹಾಗೆ. ಇವರು ಆ ಚಪ್ಪಾಳೆಗೂ ಕೈಮುಗಿದರು. ಬೇರೇನು ಮಾಡಲು ಸಾಧ್ಯವಿತ್ತು? ಆಡಿದ ಮಾತನ್ನು ಪ್ರಾಣ ಹೋದರೂ ಹಿಂದಕ್ಕೆ ತೆಗೆದುಕೊಳ್ಳಬಾರದೆಂದು ಪರದೆಯ ಮೇಲೆ ಇನ್ನೂ ದಪ್ಪ ಅಕ್ಷರದಲ್ಲಿ ಬೆಳಗುತ್ತಿತ್ತು.

ಗೋಪೀನಾಥರು ಏನಾಯಿತೆಂದು ತಿಳಿಯದೆ ಕೂತರು. ಬೇಕು ಎಂದು ಮೊದಲು ಬಾಯಿಬಿಡುವವರು ನಮ್ಮಲ್ಲಿ ಹುಟ್ಟಿಲ್ಲ. ಎಲ್ಲರೂ ಯಾರಾದರೂ ತಮ್ಮನ್ನು ಕೇಳಲಿ, ಬೇಡ ಎನ್ನೋಣ ಎಂದು ಕಾಯುತ್ತಿದ್ದರು.

ಇವರು ನನ್ನನ್ನು ನೋಡಿದರು. ಕೆರೆಯಲ್ಲಿ ಮುಳುಗುವವನು ದಡದಲ್ಲಿರುವವರನ್ನು ನೋಡುವಂಥ ನೋಟ. ಮೂರನೆಯ ಒತ್ತಾಯ ಇನ್ನೂ ಬಾಕಿಯಿತ್ತು. ನಾನು ಎದ್ದು ನಿಂತೆ. ದೇವರಾಣೆ, ನನ್ನ ಮಾತನ್ನು ಹೇಳಲೆಂದೇ ನಿಂತೆ. ರೀ, ಎಲ್ಲರೂ ಇಷ್ಟು ಪ್ರೀತಿಯಿಂದ ಎಂಬಲ್ಲಿಯವರೆಗೆ ಮಾತು ನಾಲಿಗೆಗೆ ಬಂದಿತ್ತು.

"ಶೋಭಾ ಆಂಟಿ!" ಎಲೀಷಾಳ ಮುಖ ಅರಳಿತು. "ಆರ್ ಯೂ ವಿಲ್ಲಿಂಗ್? ಅಧ್ಯಕ್ಷ ಆಗ್ತೀರಾ?"

ಅವಳು ಬಾಯಿಬಿಟ್ಟು ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮೂರು ಸಲ ಹಾಗಿರಲಿ, ಒಂದು ಸಲವೂ ಕೇಳಿರಲಿಲ್ಲ. ಬೇಡ ಬೇಡ ಎಂದು ಬಿಂಕ ಮಾಡುವುದಕ್ಕೂ ಮೊದಲು ಯಾರಾದರೂ ಕೇಳಬೇಕಲ್ಲ. ಅದು ಕೇಳಿಸಿಕೊಳ್ಳುವವರ ಸುಖ. ನನಗೆ ಬಂದದ್ದು ದುಃಖವೋ ಸಿಟ್ಟೋ ತಿಳಿಯಲಿಲ್ಲ. ಈಗ ಬೇಡ ಎಂದರೆ ಈ ಹುಡುಗಿ ಸರಿ ಎಂದು ಬರೆದುಕೊಂಡುಬಿಡುತ್ತಾಳೆ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.

"ಹೂಂ," ಎಂದೆ. "ಆಗ್ತೀನಿ."

"ಅದು ಒಳ್ಳೇದಾಯ್ತು. ನಾನು ಸೂಚಿಸ್ತೇನೆ," ಎಂದರು ಡೊನಾಲ್ಡ್. ಪಕ್ಕದಲ್ಲಿದ್ದ ವತ್ಸಲಾ, ನನಗಿಂತ ದುಬಾರಿ ಸೀರೆ ಉಡುವ ನನ್ನ ಗೆಳತಿ, ಅನುಮೋದಿಸಿದಳು. ಅಷ್ಟಕ್ಕೆ ಚುನಾವಣೆ ಮುಗಿದಿತ್ತು. ಭಾತ್ ಇನ್ನೂ ಬಿಸಿಯಾಗಿತ್ತು.

ವಾಪಸು ಬರುವಾಗ ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ರೇನರ್ಸ್ ಲೇನ್ ಸ್ಟೇಷನ್ ದಾಟಿದ ಮೇಲೆ ಬಾಯಿಬಿಟ್ಟರು.

"ಹೂಂ ಅಂದ್ಯಲ್ಲ."

"ಕೇಳಿದ್ರು. ಅಂದೆ."

"ಮೊದಲ್ನೇ ಸಲಕ್ಕೇ?"

ನಾನು ಅಧ್ಯಕ್ಷೆಯಾದದ್ದನ್ನು ಈ ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಿದ್ದರು. ಮೊದಲ ಸಲಕ್ಕೇ ಒಪ್ಪಿಕೊಂಡದ್ದನ್ನು ಸಹಿಸಲು ಆಗುತ್ತಿರಲಿಲ್ಲ. ಅವರ ಪ್ರಕಾರ ನಾನು ಪಕ್ಕದ ಮನೆಯವರು ಟೀ ಎಂದ ಕೂಡಲೇ ಕಪ್ಪು ಕಿತ್ತುಕೊಂಡಿದ್ದೆ.

ವತ್ಸಲಾಳ ಅಭಿಪ್ರಾಯವೂ ಅದೇ ಎಂದು ವಾರದೊಳಗೆ ತಿಳಿಯಿತು. ಈಲಿಂಗ್ ರೋಡಿನ ತರಕಾರಿ ಅಂಗಡಿಯಲ್ಲಿ ಯಾರ ಹತ್ತಿರವೋ, "ಅನುಮೋದಿಸಿದ್ದು ನಾನೇ, ಇಲ್ಲ ಅನ್ನಲ್ಲ. ಆದ್ರೆ ಕೇಳೋದೇ ತಡ ಹೂಂ ಅಂದ್ಬಿಟ್ಲು ನೋಡಿ, ಎಷ್ಟು ವರ್ಷದ ಆಸೆಯೋ ಪಾಪ" ಎಂದಳಂತೆ. ಆ ಮಾತು ಕರಿಬೇವಿನ ಜೊತೆ ಮನೆಮನೆಗೆ ಹೋಯಿತು. ಗೋಪೀನಾಥರ ಆಸೆಯನ್ನು ಇಷ್ಟು ವರ್ಷ ತ್ಯಾಗ ಎಂದು ಕರೆದ ಜನ ನನ್ನ ಒಪ್ಪಿಗೆಯನ್ನು ಆಸೆಬುರುಕತನ ಎಂದರು. ಆ ವರ್ಷವಿಡೀ ಅದು ನನ್ನನ್ನು ಕೊರೆಯಿತು.

ಹಾಗೆಂದು ನಾನು ಕುರ್ಚಿಯನ್ನು ದ್ವೇಷಿಸಿದೆ ಎಂದು ತಿಳಿಯಬೇಡಿ. ಮೊದಲ ತಿಂಗಳು ವೇದಿಕೆಯ ತುದಿಯಲ್ಲಿ ಕೂತೆ. ಆಮೇಲೆ ನಡುವಿಗೆ ಸರಿದೆ. ಪ್ರತಿ ಸೋಮವಾರ ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಅಧ್ಯಕ್ಷರ ಮಾತು ಎಂದು ಬರೆಯಲು ಶುರು ಮಾಡಿದೆ. ದೀಪಾವಳಿಗೆ ದೀಪ ಹಚ್ಚುವಾಗ ಮೇಣದಬತ್ತಿಯನ್ನು ನನಗಿಂತ ಮೊದಲು ಬೇರೆ ಯಾರದೋ ಕೈಗೆ ಕೊಟ್ಟರೆಂದು ಎರಡು ದಿನ ಮುಖ ಊದಿಸಿಕೊಂಡೆ. ಒಂದು ಸಭೆಯಲ್ಲಿ ತಿರುಮಲೇಶ ಪ್ರಶ್ನೆ ಕೇಳಲು ಎದ್ದರು. ಆಮೇಲೆ, ಆಮೇಲೆ ಎಂದು ನನ್ನ ಕೈ ತಾನಾಗಿಯೇ ಸನ್ನೆ ಮಾಡಿತು. ಆ ಮನುಷ್ಯನ ಪ್ರಶ್ನೆ ಏನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಇವರು ಮಡಚುವ ಮೇಜುಗಳನ್ನು ಹೊತ್ತರು. ಪ್ರತಿ ಕಾರ್ಯಕ್ರಮಕ್ಕೂ ಹೊತ್ತರು, ಮರುಮಾತಿಲ್ಲದೆ. ಸಂಕ್ರಾಂತಿಯ ದಿನ ಯಾರೋ ಇವರ ಭುಜ ತಟ್ಟಿ, "ಶೋಭಾ ಅವರ ಬೆನ್ನೆಲುಬು ನೀವು" ಎಂದಾಗ ಮೇಜು ಇವರ ಕಾಲ ಮೇಲೆ ಬಿತ್ತು. ನನಗೆ ನಗು ಬಂತು. ಆಮೇಲೆ ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚುವಾಗ ಪಾಪ ಎನ್ನಿಸಿತು. ಇಷ್ಟಾದರೂ ಹಾಲ್, ಕೇರ್‌ಟೇಕರ್, ಅಲಾರಂ ಎಲ್ಲ ನನ್ನ ತಲೆಯ ಮೇಲೆಯೇ ಇತ್ತು. ನಾನು ಅಧ್ಯಕ್ಷೆಯಾದ ಮೇಲೆ ಬೆನ್ನೆಲುಬಿನ ಕೆಲಸ ಮಾಡಲು ಯಾರೂ ಮುಂದೆ ಬರಲಿಲ್ಲ. ಯಾರನ್ನೂ ನಾನು ಕೇಳಲೂ ಇಲ್ಲ.

ಮತ್ತೆ ಯುಗಾದಿ ಬಂತು, ಅದೇ ಹಾಲ್, ಅದೇ ಎಲೀಷಾ, ಅದೇ ಕಪ್ಪು ಕೋಟು. ಈ ಸಲ ಡೊನಾಲ್ಡ್ ನನ್ನ ಹೆಸರನ್ನೇ ಹೇಳಿದರು. "ಶೋಭಕ್ಕ ಚಂದ ನಡೆಸಿದ್ದಾರೆ. ಅವರೇ ಇರ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಕುರ್ಚಿ ನನಗೆ ಬೇಕಾಗಿತ್ತು, ತುಂಬ ಬೇಕಾಗಿತ್ತು. ನಾನು ಹೂಂ ಎನ್ನಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ವತ್ಸಲಾ ಕಣ್ಣು ಸಣ್ಣದು ಮಾಡಿಕೊಂಡು ಕೂತಿರುವುದು ಕಂಡಿತು. ಈ ಸಲವೂ ಕೇಳುವುದೇ ತಡ ಎನ್ನಲು ಅವಳ ತುಟಿ ಸಿದ್ಧವಾಗಿತ್ತು. ಇವಳ ಮುಂದೆ ಒಮ್ಮೆ, ಒಂದೇ ಒಂದು ಸಲ, ಗೋಪೀನಾಥರ ಹಾಗೆ ಗಂಭೀರವಾಗಿ ಕಾಣಿಸಿಕೊಳ್ಳೋಣ ಎನ್ನಿಸಿಬಿಟ್ಟಿತು.

"ಅಯ್ಯೋ, ಬೇಡಪ್ಪ," ಎಂದೆ ಎದೆಯ ಮೇಲೆ ಕೈಯಿಟ್ಟು. "ನನಗ್ಯಾಕೆ? ಹೊಸಬರು ಬರಲಿ."

ಮಾತು ಬಾಯಿಂದ ಹೊರಬಿದ್ದ ಕೂಡಲೇ ಎಲೀಷಾಳ ಪೆನ್ನು ಕಂಡಿತು. ಹಾಲಿನಲ್ಲಿ ಬೇಡ ಎಂಬ ನನ್ನ ಮಾತಿನ ಅರ್ಥ ಗೊತ್ತಿದ್ದವರು ಬೇಕಾದಷ್ಟಿದ್ದರು, ಆದರೆ ಬಾಯಿಬಿಡಬೇಕಾದವರು ಒಬ್ಬರೇ. ಇವರ ಕಡೆ ನೋಡಿದೆ. ಹೋದ ವರ್ಷ ಇವರು ನನ್ನನ್ನು ಹೇಗೆ ನೋಡಿದ್ದರೋ ಹಾಗೆಯೇ ನೋಡಿದೆ.

ಇವರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟು ಆಡಿಕೊಂಡರೂ, ಎಷ್ಟು ಮೇಜು ಹೊರಿಸಿದರೂ, ಕೊನೆಗೆ ಕೈಹಿಡಿದವರು ಕೈಬಿಡುವುದಿಲ್ಲ ಎನ್ನಿಸಿತು.

"ಚಂದ್ರು ಅಂಕಲ್! ಆರ್ ಯೂ ವಿಲ್ಲಿಂಗ್?" ಎಂದಳು ಎಲೀಷಾ.

"ಹೂಂ!" ಎಂದರು ಇವರು. ಮೈಕಿಲ್ಲದೆಯೇ ಕೊನೆಯ ಸಾಲಿನ ತೊಟ್ಟಿಲಗಾಡಿಯಲ್ಲಿ ಮಲಗಿದ್ದ ಮಗು ಎದ್ದು ಅತ್ತಿತು. ಹದ್ದು ಇಲ್ಲ, ಪರ್ವತ ಇಲ್ಲ, ಎದೆಯ ಮೇಲೆ ಕೈಯೂ ಇಲ್ಲ. ತರಬೇತಿಯಲ್ಲಿ ಕಲಿಯದ ಒಂದೇ ಒಂದು ಗುಣವನ್ನು ನನ್ನಿಂದ ಕಲಿತುಕೊಂಡಿದ್ದರು. ವತ್ಸಲಾ ಎಲ್ಲರಿಗಿಂತ ಮೊದಲು ಅನುಮೋದಿಸಿದಳು.

ಎಲೀಷಾ ನನ್ನ ಕಡೆ ತಿರುಗಿ ಕಳೆದ ವರ್ಷದ ಅದೇ ನಗು ನಕ್ಕು, ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದಳು. ಒಪ್ಪಿಗೆಯ ಭಾಷಣ ಒಂದು ವರ್ಷದಿಂದ ಅದೇ ಕೋಟಿನ ಅದೇ ಜೇಬಿನಲ್ಲಿತ್ತು. ಇವರು ಅದನ್ನು ತೆಗೆದು ಓದಿದರು. ಎಲ್ಲರ ಒತ್ತಾಯಕ್ಕೆ ಮಣಿದು ಎಂಬ ಸಾಲನ್ನೂ ಬಿಡಲಿಲ್ಲ.

ವಾಪಸು ಬರುವಾಗ ಈ ಸಲ ಕಿಟಕಿಯ ಕಡೆ ಮುಖ ಮಾಡಿದವಳು ನಾನು. ಇವರು ರೈಸ್ಲಿಪ್ ಬರುವವರೆಗೆ ಹೊಸ ಯೋಜನೆಗಳನ್ನು ಹೇಳಿದರು. ಆಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ ನನ್ನನ್ನು ನೋಡಿದರು.

"ಕಾರ್ಯದರ್ಶಿ ನೀನೇ ಆಗ್ಬೇಕು ಶೋಭಾ."

"ಬೇಡ."

ಮುಗುಳ್ನಕ್ಕರು. "ನೀನಿಲ್ದೆ ನಡೆಯುತ್ತಾ? ಆಗು."

"ರೀ, ನಿಜವಾಗಿ ಬೇಡ. ನನಗೆ ಸಾಕಾಗಿದೆ."

"ಎಲ್ರೂ ನಿನ್ನನ್ನೇ ಕೇಳ್ತಿದಾರೆ ಕಣೇ. ಒಪ್ಕೋ."

"ಬೇಡ ಅಂದ್ರೆ ಬೇಡ!" ಎದುರಿನ ಸೀಟಿನ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ನೋಡುವಷ್ಟು ಜೋರಾಗಿ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ನಿಜವಾದ ಬೇಡವನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಗೊತ್ತು ಗೊತ್ತು," ಎಂದರು ಇವರು ನನ್ನ ಕೈ ತಟ್ಟಿ, ಫೋನ್ ತೆಗೆದರು. ಒತ್ತಾಯ ಮೂರು ಸಲ ಆಗಿತ್ತಲ್ಲ. ಗುಂಪಿನಲ್ಲಿ ಸಂದೇಶ ಬಂದೇಬಿಟ್ಟಿತು: "ಎಲ್ಲರ ಒತ್ತಾಯಕ್ಕೆ ಮಣಿದು ನನ್ನ ಶ್ರೀಮತಿ ಕಾರ್ಯದರ್ಶಿ ಸ್ಥಾನವನ್ನು ಒಪ್ಪಿಕೊಂಡಿದ್ದಾರೆಂದು ತಿಳಿಸಲು ಸಂತೋಷವಾಗುತ್ತದೆ." ಅದರ ಕೆಳಗೆ ಸಾಲು ಸಾಲಾಗಿ ಮುಗಿದ ಕೈಗಳ ಚಿತ್ರ. ವತ್ಸಲಾ ಬರೆದಿದ್ದಳು: "ಗೊತ್ತಿತ್ತು! ನಮ್ಮ ಬೆನ್ನೆಲುಬು!"

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಿ? ಆ ಒಂದು ಮಾತನ್ನು ನಾವೆಲ್ಲ ಸೇರಿ ಕಾಫಿಗೆ, ಹೋಳಿಗೆಗೆ, ಕುರ್ಚಿಗೆ ಬಳಸಿ ಬಳಸಿ ಎಷ್ಟು ಸವೆಸಿಬಿಟ್ಟಿದ್ದೆವೆಂದರೆ, ನಿಜವಾಗಿ ಬೇಕಾದ ದಿನ ಅದು ಕೆಲಸಕ್ಕೆ ಬರಲಿಲ್ಲ. ಇನ್ನೇನು ಹೇಳಿದರೂ ಅದು ವಿನಯವೇ ಆಗುತ್ತಿತ್ತು.

ಆಗ ನೆನಪಾಯಿತು, ಗುಂಪಿನಲ್ಲಿ ಎಲೀಷಾಳೂ ಇದ್ದಾಳೆ. ಎಲ್ಲರಿಗೂ ಕಾಣುವ ಹಾಗೆ ಬರೆದೆ: "ಎಲೀಷಾ, ಕಾರ್ಯದರ್ಶಿ ಸ್ಥಾನ ನನಗೆ ಬೇಡ. ಬೇಡ ಅಂತ ಇವರಿಗೂ ಹೇಳಿದ್ದೇನೆ."

ಹ್ಯಾರೋ ಬರುವುದರೊಳಗೆ ಉತ್ತರ ಬಂತು. "ಥ್ಯಾಂಕ್ ಯೂ ಫಾರ್ ಬೀಯಿಂಗ್ ಸೋ ಕ್ಲಿಯರ್, ಆಂಟಿ. ಆ ಸ್ಥಾನ ಖಾಲಿ ಅಂತ ಬರ್ಕೊಂಡಿದೀನಿ. ಯಾರಾದ್ರೂ ಬರೋವರೆಗೂ ಹಾಲ್ ಎಲ್ಲ ಚಂದ್ರು ಅಂಕಲ್ ನೋಡ್ಕೋಬೇಕು." ಅವಳು ಕನ್ನಡದಲ್ಲಿ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು, ಒಂದೂ ತಪ್ಪಿರಲಿಲ್ಲ.

ಮುಗಿದ ಕೈಗಳು ನಿಂತವು. ಇವರು ಫೋನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನನ್ನು ನೋಡಿದರು. ವಾಲಿದ್ದ ತಲೆ ನೆಟ್ಟಗಾಯಿತು. ವೆಂಬ್ಲಿ ಪಾರ್ಕಿನಲ್ಲಿ ಇಳಿದು, ಸ್ಟೇಡಿಯಂ ಕಡೆಗೆ ಹೊರಟಿದ್ದ ಮ್ಯಾಚಿನ ಜನರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದರು.

"ಶೋಭಾ, ಆ ಹಾಲಿನ ಕೇರ್‌ಟೇಕರ್ ನಂಬರ್ ಕೊಡ್ತೀಯಾ?"

ಕೊಡುತ್ತೇನೆ. ಇನ್ನೂ ಎರಡು ಸಲ ಕೇಳಲಿ.